ಎಲ್ಲರ ಕಾಲೂ ಊದಿದ್ದವು

ಚಳ್ಳಕೆರೆಯಲ್ಲಿ ನಮ್ಮದು ಸಿಮೆಂಟು, ಕಬ್ಬಿಣದ ಅಂಗಡಿ. ಆ ವರ್ಷ ವ್ಯಾಪಾರ ಚೆನ್ನಾಗಿ ನಡೆದಿತ್ತು. ಸಿಮೆಂಟು ಕಂಪನಿಯವರು ಜಿಲ್ಲೆಯ ಬೇರೆ ಡೀಲರುಗಳ ಜೊತೆಗೆ ನಮ್ಮ ಯಜಮಾನರಿಗೂ ಹಡಗಿನ ಪ್ರವಾಸ ಕೊಟ್ಟರು. ಮುಂಬೈಯಲ್ಲಿ ಹತ್ತಿ, ಲಕ್ಷದ್ವೀಪದ ತನಕ ಹೋಗಿ, ಮತ್ತೆ ಮುಂಬೈಯಲ್ಲೇ ಇಳಿಯುವುದು. ನಮ್ಮ ಪಾಲಿಗೆ ನಾಲ್ಕು ಸೀಟು ಬಂದವು. ಮಕ್ಕಳಿಗೆ ಕಾಲೇಜಿನ ಪರೀಕ್ಷೆ ಇದ್ದುದರಿಂದ ಉಳಿದೆರಡಕ್ಕೆ ಮೊಳಕಾಲ್ಮುರಿನ ಅಕ್ಕನನ್ನೂ ಭಾವನನ್ನೂ ಕರೆದೆವು.

ಅಕ್ಕ ನನಗಿಂತ ತುಂಬಾ ದೊಡ್ಡವಳು. ಅವ್ವ ಹೊಲಕ್ಕೆ ಹೋದರೆ ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಊರೆಲ್ಲ ತಿರುಗುತ್ತಿದ್ದವಳು. ಮದುವೆಯಾಗಿ ಹೋದದ್ದು ಮೊಳಕಾಲ್ಮುರಿನ ರೇಷ್ಮೆ ಸೀರೆ ವ್ಯಾಪಾರದ ಮನೆಗೆ. ಹಿಂದುಗಡೆ ಮಗ್ಗಗಳು, ಮುಂದುಗಡೆ ಅಂಗಡಿ. ನೇಯುವವರು ಬೇರೆಯವರಾದರೂ ಕಂಡಿಕೆಗೆ ನೂಲು ಸುತ್ತುವುದು, ನೇಯ್ದ ಸೀರೆಯನ್ನು ಬಿಡಿಸಿ ಎಳೆ ತಪ್ಪಿದೆಯೇ ನೋಡಿ ಮಡಿಸುವುದು ಅವಳ ಕೆಲಸ. ಮೂವತ್ತು ವರ್ಷ ನೆಲದ ಮೇಲೆ ಕೂತೇ ಕಳೆದಳು. ಮಗ್ಗದವರ ಜೊತೆ ತೆಲುಗಿನಲ್ಲಿ ಮಾತಾಡಿ ಮಾತಾಡಿ ಅವಳ ಕನ್ನಡದೊಳಗೂ ತೆಲುಗು ಸೇರಿಕೊಂಡಿತ್ತು. ಏನು ಕೇಳಿದರೂ "ಏಮೀ ಕಾದು ಬಿಡು" ಅನ್ನುವಳು. ಏನೂ ಆಗಲ್ಲ ಬಿಡು ಅಂತ.

ಪ್ರವಾಸಕ್ಕೆ ಮೊದಲು ಒಲ್ಲೆ ಎಂದಳು. ಮಂಡಿ ನೋಯುತ್ತದೆ, ಅಷ್ಟು ದೂರ ಬಸ್ಸಿನಲ್ಲಿ ಕೂತಿರಲು ಆಗದು ಎಂದಳು. ಭಾವ ಬಿಡಲಿಲ್ಲ. ಜೀವಮಾನದಲ್ಲಿ ಒಮ್ಮೆಯೂ ಸಮುದ್ರ ನೋಡಿಲ್ಲ, ಇನ್ಯಾವಾಗ ನೋಡುವುದು ಎಂದರು. ಮದುವೆಯಾಗಿ ಹೋಗಿದ್ದ ಅಕ್ಕನ ಮಗಳೂ ಫೋನಿನಲ್ಲಿ ಒತ್ತಾಯ ಮಾಡಿದಳಂತೆ. ಕೊನೆಗೆ ಒಪ್ಪಿದಳು.

ಚಿತ್ರದುರ್ಗದಿಂದ ಮುಂಬೈಗೆ ಕಂಪನಿಯವರೇ ಬಸ್ಸು ಮಾಡಿದ್ದರು. ದಾರಿಯಲ್ಲಿ ಬಸ್ಸು ನಿಲ್ಲಿಸುವ ಕಡೆಯೆಲ್ಲ ಹೆಂಗಸರಿಗೆ ಸರಿಯಾದ ಶೌಚಾಲಯ ಸಿಗುವುದಿಲ್ಲವೆಂದು ನಾವು ಯಾರೂ ನೀರು ಕುಡಿಯಲಿಲ್ಲ. ಚುರುಮುರಿ, ಚಿಪ್ಸು, ಉಪ್ಪಿನಕಾಯಿ ಅನ್ನ ತಿನ್ನುತ್ತ, ಕಾಲು ಇಳಿಬಿಟ್ಟುಕೊಂಡು ಮುಂಬೈ ತಲುಪಿದೆವು. ಹಡಗು ಹತ್ತುವ ಹೊತ್ತಿಗೆ ನಮ್ಮ ಗುಂಪಿನ ಹೆಂಗಸರ ಪೈಕಿ ಯಾರ ಚಪ್ಪಲಿಯೂ ಕಾಲಿಗೆ ಸೇರುತ್ತಿರಲಿಲ್ಲ. ನನ್ನ ಪಾದದ ಮೇಲೆ ಚಪ್ಪಲಿಯ ಪಟ್ಟಿ ಅಚ್ಚೊತ್ತಿದ ಹಾಗೆ ಕೂತಿತ್ತು.

ಹಡಗಿನಲ್ಲಿ ಅದು ಇನ್ನೂ ಹೆಚ್ಚಾಯಿತು. ಹೊತ್ತುಹೊತ್ತಿಗೆ ಊಟ, ನಡುನಡುವೆ ತಿಂಡಿ, ಸೂಪು, ಹಪ್ಪಳ. ಎಲ್ಲಕ್ಕೂ ಉಪ್ಪು ಮುಂದು. ಕಿಟಕಿಯಿಲ್ಲದ ಸಣ್ಣ ರೂಮು, ಒಳಗೆ ಏಸಿಯ ಚಳಿ, ಹೊರಗೆ ಅಂಟಂಟು ಸೆಕೆ. ಎರಡನೆಯ ದಿನ ಹೊಳಲ್ಕೆರೆ ಕಡೆಯ ಒಬ್ಬ ಹೆಂಗಸು ಬರಿಗಾಲಲ್ಲೇ ಊಟಕ್ಕೆ ಬಂದರು. ಅಲ್ಲಿನ ಹುಡುಗಿ ಚಪ್ಪಲಿ ಹಾಕಿಕೊಂಡು ಬನ್ನಿ ಎಂದಾಗ ಅವರು ತಮ್ಮ ಪಾದವನ್ನೇ ಎತ್ತಿ ತೋರಿಸಿದರು. ಅವತ್ತು ನಾವೆಲ್ಲ ಬಹಳ ನಕ್ಕೆವು. ಆಮೇಲೆ ರೂಮಿನಲ್ಲಿ ಕೊಟ್ಟಿದ್ದ ಬಿಳಿ ಬಟ್ಟೆಯ ಚಪ್ಪಲಿ ಹಾಕಿಕೊಂಡು ಓಡಾಡಿದೆವು.

ಆ ಹೊಳಲ್ಕೆರೆಯವರೇ ನಮಗೆಲ್ಲ ಉಪಾಯ ಹೇಳಿದರು. ಚೀಲದಲ್ಲಿ ಕೊತ್ತಂಬರಿ ಬೀಜ ತಂದಿದ್ದರು. ರೂಮಿನ ಟೀ ಕೆಟಲಿನಲ್ಲಿ ಅದನ್ನು ಕುದಿಸಿ ಎಲ್ಲರಿಗೂ ಕುಡಿಸಿದರು. ಮಂಚದ ಮೇಲೆ ಅಡ್ಡಡ್ಡ ಮಲಗಿ ಗೋಡೆಗೆ ಕಾಲು ಒರಗಿಸಿ ಹರಟೆ ಹೊಡೆದೆವು. ಐಸ್ ತರಿಸಿ ಟವೆಲಿನಲ್ಲಿ ಕಟ್ಟಿ ಹಿಮ್ಮಡಿಗೆ ಹಿಡಿದೆವು. ಬೆಳಿಗ್ಗೆ ಸಂಜೆ ಹಡಗಿನ ಮೇಲಿನ ತೆರೆದ ಅಂಗಳದಲ್ಲಿ ಸುತ್ತು ಹಾಕಿದೆವು. ಹಪ್ಪಳ ಉಪ್ಪಿನಕಾಯಿ ಬಿಟ್ಟು ಮೊಸರನ್ನ ತಿಂದೆವು. ಒಂದೇ ದಿನದಲ್ಲಿ ನನ್ನ ಕಾಲಿನ ಗಂಟು ಮತ್ತೆ ಕಾಣಿಸಿಕೊಂಡಿತು. ಬೇರೆಯವರದೂ ಇಳಿಯಿತು.

ಅಕ್ಕನದು ಇಳಿಯಲಿಲ್ಲ.

ಮಂಚದ ಮೇಲೆ ನಮ್ಮ ಪಕ್ಕದಲ್ಲೇ ಕಾಲು ಎತ್ತಿ ಮಲಗಿದ್ದವಳು ಸ್ವಲ್ಪ ಹೊತ್ತಿಗೇ ಎದ್ದು ಕೂತಳು. ಮಲಗಿದರೆ ಎದೆ ಕಟ್ಟಿದ ಹಾಗಾಗುತ್ತದೆ ಎಂದಳು. ಸುತ್ತು ಹಾಕಲು ಬಂದವಳು ಮೆಟ್ಟಿಲಿನ ಅರ್ಧಕ್ಕೆ ನಿಂತುಬಿಟ್ಟಳು. ಬೆಳಿಗ್ಗೆ ಅವಳ ಮುಖ ನೋಡಿದರೆ ರೆಪ್ಪೆಗಳು ದಪ್ಪಗಾಗಿ ಕಣ್ಣು ಗೆರೆಯ ಹಾಗೆ ಕಾಣುತ್ತಿದ್ದವು. ಕಾಲು ತೋರಿಸು ಎಂದೆ. ಸೀರೆಯ ನೆರಿಗೆ ಇಳಿಸಿಕೊಂಡಳು.

"ಎಲ್ಲಾರ ಕಾಲೂ ಬಾತಿಲ್ವೇನೇ? ನಂದೊಂದು ಏನ್ ನೋಡ್ತೀಯಾ?" ಎಂದಳು.

ನಿಜವಾಗಿಯೂ ಎಲ್ಲರ ಕಾಲೂ ಊದಿದ್ದವು. ನಗುವ ವಿಷಯವೇ ಆಗಿಹೋಗಿತ್ತು ಅದು. ಭಾವ ಅಂತೂ ಹಡಗಿನ ಊಟ ಅವಳಿಗೆ ಹಿಡಿಸಿದೆ, ಮೈ ಕೈ ತುಂಬಿಕೊಂಡಿದ್ದಾಳೆ ಎಂದು ನಮ್ಮ ಯಜಮಾನರ ಹತ್ತಿರ ಹೇಳುತ್ತಿದ್ದರು.

ಗೊತ್ತಾದದ್ದು ಕಾಲುಂಗುರದಿಂದ. ಊಟಕ್ಕೆ ಕೂತಾಗ ಅಕ್ಕನ ಮುಖ ಹಿಂಡಿಕೊಂಡಿತ್ತು. ಮೇಜಿನ ಕೆಳಗೆ ಬಗ್ಗಿ ನೋಡಿದೆ. ಬೆರಳಿನ ಮಾಂಸ ಬೆಳ್ಳಿಯನ್ನು ಮುಚ್ಚಿಕೊಂಡು ಬೆಳೆದಿತ್ತು, ಬೆರಳ ತುದಿ ನೀಲಿಗಟ್ಟಿತ್ತು. ಸೋಪು ಹಚ್ಚಿ ಎಳೆದೆವು, ಎಣ್ಣೆ ಹಚ್ಚಿ ಎಳೆದೆವು, ಬರಲಿಲ್ಲ. ನಮ್ಮ ಯಜಮಾನರು ಹಡಗಿನ ಆಸ್ಪತ್ರೆ ಎಲ್ಲಿದೆ ಎಂದು ವಿಚಾರಿಸಿ ಬಂದರು. ಕೆಳಗಿನ ಅಂತಸ್ತಿನಲ್ಲಿ ಎರಡು ಸಣ್ಣ ಕೋಣೆ. ನರ್ಸು ಸಣ್ಣ ಕತ್ತರಿಯಂಥದರಲ್ಲಿ ಉಂಗುರವನ್ನು ಕತ್ತರಿಸಿ ತೆಗೆದಳು. ಗಂಡ ಪಕ್ಕದಲ್ಲೇ ನಿಂತಿರುವಾಗ ಕಾಲುಂಗುರ ಕತ್ತರಿಸಿದರಲ್ಲ ಎಂದು ಅಕ್ಕನ ಕಣ್ಣು ತುಂಬಿತು. ನೋವಿಗೆ ಅತ್ತಿರಲಿಲ್ಲ ಅವಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹಿಂದಿಯಲ್ಲಿ ಮಾತಾಡುತ್ತಿದ್ದಳು, ನಮ್ಮ ಯಜಮಾನರು ಅದನ್ನು ಕನ್ನಡಕ್ಕೆ ಹೇಳುತ್ತಿದ್ದರು. ಉಂಗುರ ತೆಗೆದ ಮೇಲೆ ನಾವು ಎದ್ದರೂ ಅವಳು ಅಕ್ಕನನ್ನು ಏಳಗೊಡಲಿಲ್ಲ. ಸೀರೆ ಸ್ವಲ್ಪ ಮೇಲೆ ಸರಿಸಿ ಮೊಳಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು. ಬೆರಳು ತೆಗೆದರೆ ಗುಳಿ ಹಾಗೇ ಉಳಿಯಿತು. ನಾವು ಮೂವರೂ ಆ ಗುಳಿಯನ್ನೇ ನೋಡುತ್ತ ನಿಂತೆವು. ಅದು ತುಂಬಿಕೊಳ್ಳಲೇ ಇಲ್ಲ. ನನ್ನ ಕಾಲಿನ ಮೇಲೂ ಒತ್ತಿ ನೋಡಿದಳು. ನನ್ನದು ಆಗಲೇ ಮಾಮೂಲಾಗಿತ್ತು.

ಬಿಪಿ ನೋಡಿದಳು. ಇನ್ನೊಂದು ಸಲ ನೋಡಿದಳು. ಮೂತ್ರ ತರಿಸಿ ಅದರಲ್ಲಿ ಕಾಗದದ ಪಟ್ಟಿ ಅದ್ದಿದಳು. ಆಮೇಲೆ ಯಾವ ಮಾತ್ರೆ ತಗೊಳ್ಳುತ್ತೀರಿ ಎಂದು ಕೇಳಿದಳು. ಅಕ್ಕ ಯಾವುದೂ ಇಲ್ಲ ಎಂದಳು. ಮಂಡಿ ನೋವಿಗೆ ತಗೋತಾಳಲ್ಲ ಎಂದು ಭಾವ ನೆನಪಿಸಿದರು. ಅದು ಮಾತ್ರೆಯೇ ಅಲ್ಲ ಎಂಬ ಹಾಗೆ ಅಕ್ಕ ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಡಾಕ್ಟರು ಅದನ್ನು ಅಂಗೈಯಲ್ಲಿ ಹಿಡಿದು ನೋಡಿ, ಎಷ್ಟು ವರ್ಷದಿಂದ ಎಂದಳು. ಮಗಳ ಮದುವೆಗೂ ಮುಂಚಿನಿಂದ ಎಂದರು ಭಾವ. ಬೆಳಿಗ್ಗೆ ಒಂದು, ಮಗ್ಗದ ಕೆಲಸ ಜಾಸ್ತಿ ಇದ್ದ ದಿನ ಸಂಜೆಗೆ ಇನ್ನೊಂದು.

ಇದು ಪ್ರಯಾಣದ ಊತ ಅಲ್ಲ, ಕಿಡ್ನಿಯದು ಇರಬೇಕು, ಇಳಿದ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ ಎಂದಳು ಡಾಕ್ಟರು. ಈ ಮಾತ್ರೆ ಇನ್ನು ಮುಟ್ಟಬೇಡಿ. ಉಪ್ಪು ಬೇಡ. ನೀರು ಅಳತೆಯಲ್ಲಿ.

ಭಾವ ಈಗಲೇ ಇಳಿಸಿ ಎಂದರು. ಯಜಮಾನರು ಅದನ್ನು ಹಿಂದಿಯಲ್ಲಿ ಹೇಳಲೂ ಇಲ್ಲ, ಸುಮ್ಮನೆ ಭಾವನ ಭುಜದ ಮೇಲೆ ಕೈ ಇಟ್ಟರು. ಸುತ್ತಲೂ ನೀರಿತ್ತು, ಎಲ್ಲಿ ಇಳಿಸುವುದು?

ಮುಂಬೈ ಮುಟ್ಟುವ ತನಕ ಹೇಗೆ ಕಳೆದೆವೋ. ಡಾಕ್ಟರು ಕೊಟ್ಟ ಮಾತ್ರೆಗೆ ಅಕ್ಕನಿಗೆ ಗಳಿಗೆಗೊಮ್ಮೆ ಒಂದಕ್ಕೆ ಹೋಗಬೇಕಾಗುತ್ತಿತ್ತು. ಹಡಗು ತೂಗಾಡುವಾಗ ಅವಳನ್ನು ಹಿಡಿದುಕೊಂಡು ಆ ಇಕ್ಕಟ್ಟಿನ ಬಚ್ಚಲಿಗೆ ನಾನೂ ಹೋಗುತ್ತಿದ್ದೆ. ಅಡುಗೆಯವರನ್ನು ಕೇಳಿಕೊಂಡು ಉಪ್ಪಿಲ್ಲದ ಅನ್ನ, ಉಪ್ಪಿಲ್ಲದ ಬೇಳೆ ತರುತ್ತಿದ್ದೆ. ಎರಡು ತುತ್ತು ತಿಂದು ತಟ್ಟೆ ಸರಿಸುವಳು. ಬೆನ್ನಿಗೆ ದಿಂಬುಗಳನ್ನು ಒಟ್ಟಿ ಕೂರಿಸಿದರೆ ಉಸಿರು ಸಲೀಸು. ಕಾಲು ಮೇಲೆ ಎತ್ತಿದರೆ ಎದೆಗೆ ಬರುತ್ತಿತ್ತು, ಕೆಳಗೆ ಬಿಟ್ಟರೆ ಕಾಲಿಗೆ ಇಳಿಯುತ್ತಿತ್ತು. ಮೈಯೊಳಗಿನ ನೀರನ್ನು ಎಲ್ಲಿಗೆ ತಳ್ಳಬೇಕೋ ನಮಗೆ ಗೊತ್ತಾಗಲಿಲ್ಲ. ಪಾದವನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದೆ. ಚರ್ಮ ಬಿಗಿದು ಮಿರಮಿರ ಹೊಳೆಯುತ್ತಿತ್ತು, ಮುಟ್ಟಿದರೆ ತಣ್ಣಗಿತ್ತು.

ಕಡೆಯ ಸಂಜೆ ಕಂಪನಿಯವರ ಸಮಾರಂಭ. ಡೀಲರುಗಳಿಗೆಲ್ಲ ಹೆಂಡತಿಯರ ಸಮೇತ ಶಾಲು, ಫಲಕ. ನಾನು ಹೋಗುವುದಿಲ್ಲ ಎಂದೆ. ಅಕ್ಕನೇ ತನ್ನ ಚೀಲದಿಂದ ಸೀರೆ ತೆಗೆದಳು. ನನಗೆಂದೇ ತಂದಿದ್ದಳಂತೆ, ಅವರದೇ ಮಗ್ಗದ್ದು. ಊದಿದ ಬೆರಳುಗಳಿಂದ ಅವಳಿಗೆ ನೆರಿಗೆ ಹಿಡಿಯಲು ಬರಲಿಲ್ಲ. ನಾನೇ ಉಟ್ಟುಕೊಂಡು ಅವಳ ಮುಂದೆ ನಿಂತೆ. ವೇದಿಕೆಯ ಮೇಲೆ ಏನೇನಾಯಿತೋ ನನಗೆ ನೆನಪಿಲ್ಲ.

ಮುಂಬೈಯಲ್ಲೇ ತೋರಿಸೋಣ ಎಂದು ಯಜಮಾನರು ಹೇಳಿದರು. ಭಾವ ಆ ಊರಿಗೆ ಹೆದರಿದರು. ದಾವಣಗೆರೆಯ ಒಂದು ಆಸ್ಪತ್ರೆಗೆ ಸೀದಾ ಕಾರು ಮಾಡಿಕೊಂಡು ಬಂದೆವು. ಸ್ಕ್ಯಾನಿಂಗಿನಲ್ಲಿ ಎರಡೂ ಕಿಡ್ನಿ ಕುಗ್ಗಿ ಸಣ್ಣವಾಗಿದ್ದವು. ಇದು ಇವತ್ತು ನಿನ್ನೆಯದಲ್ಲ ಎಂದರು ಅಲ್ಲಿನ ಡಾಕ್ಟರು. ಒಳಗೊಳಗೇ ಇದ್ದ ಬಿಪಿ, ಮೇಲಿಂದ ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆ. ಊತ ಮನೆಯಲ್ಲೇ ಶುರುವಾಗಿತ್ತಂತೆ. ಸಂಜೆ ಹೊತ್ತಿಗೆ ಪಾದ ಭಾರವಾದರೆ ದಿನವಿಡೀ ಕೂತದ್ದಕ್ಕೆ ಎಂದುಕೊಂಡು ಅಕ್ಕ ಸುಮ್ಮನಿದ್ದಳು.

ಊರಿಗೆ ಹೋದ ದಿನವೇ ಭಾವ ಆ ಮಾತ್ರೆ ಕೊಡುತ್ತಿದ್ದ ಮೆಡಿಕಲ್ ಅಂಗಡಿಗೆ ಹೋದರು. ಜಗಳ ಆಗುತ್ತದೆಂದು ನಮ್ಮ ಯಜಮಾನರೂ ಹಿಂದೆಯೇ ಹೋದರು. ಅಂಗಡಿಯವನು ವಿಷಯ ಕೇಳಿ ಬೆಂಚಿನ ಮೇಲೆ ಕೂತುಬಿಟ್ಟನಂತೆ. "ನಮ್ಮವ್ವನೂ ಅದನ್ನೇ ತಗೋತಾಳೆ ರೀ" ಎಂದನಂತೆ. ಭಾವ ಹಾಗೇ ವಾಪಸು ಬಂದರು.

ಆಮೇಲೆ ಡಯಾಲಿಸಿಸ್. ಚಳ್ಳಕೆರೆಯ ಆಸ್ಪತ್ರೆಯಲ್ಲೇ ಮಾಡುತ್ತಿದ್ದುದರಿಂದ ವಾರದಲ್ಲಿ ಹೆಚ್ಚು ದಿನ ಅಕ್ಕ ನಮ್ಮ ಮನೆಯಲ್ಲೇ ಇರುತ್ತಿದ್ದಳು. ಎಡಗೈಯಲ್ಲಿ ರಕ್ತನಾಳ ಜೋಡಿಸಿದ ಜಾಗ ಹಗ್ಗದ ಹಾಗೆ ಉಬ್ಬಿತ್ತು, ಕಿವಿಯಿಟ್ಟರೆ ಗುಂಯ್ ಎನ್ನುತ್ತಿತ್ತು. ಪ್ರತಿ ಸಲ ಸೂಜಿಗೆ ಮುಂಚೆ ತೂಕ ನೋಡುತ್ತಿದ್ದರು. ಹಿಂದಿನ ಸಲಕ್ಕಿಂತ ಹೆಚ್ಚಾದದ್ದೆಲ್ಲ ಮೈಯಲ್ಲಿ ನಿಂತ ನೀರು. ಹೆಚ್ಚಿದ್ದರೆ ನರ್ಸು ಗದರುವಳು. ಅಕ್ಕ ಸ್ಕೂಲಿನ ಹುಡುಗಿಯ ಹಾಗೆ ತಲೆ ತಗ್ಗಿಸುವಳು. ನೀರು ತೆಗೆದಾದ ಮೇಲೆ ಕೈಕಾಲು ಸೆಟೆದುಕೊಂಡು ನೋಯುತ್ತಿದ್ದವು. ಆಟೋದಲ್ಲಿ ನನ್ನ ಹೆಗಲಿಗೆ ಒರಗಿ ಬರುತ್ತಿದ್ದಳು. ಒಂದೆರಡು ದಿನ ಕಾಲು ತೆಳ್ಳಗೆ ಕಾಣುತ್ತಿದ್ದವು. ಮತ್ತೆ ತುಂಬಿಕೊಳ್ಳುತ್ತಿದ್ದವು.

ನಮ್ಮ ಕಡೆಯ ಬೇಸಿಗೆಯಲ್ಲಿ ಬಾಯಾರಿಕೆ ತಡೆಯುವುದೆಂದರೆ ಎಂಥದೆಂದು ನಾನು ಹೇಳಬೇಕಿಲ್ಲ. ದಿನಕ್ಕೆ ಇಷ್ಟೇ ಎಂದು ಒಂದು ಸಣ್ಣ ಬಾಟಲಿ ತುಂಬಿಡುತ್ತಿದ್ದೆ. ಮಾತ್ರೆ ನುಂಗುವುದಕ್ಕೂ ಅದರಲ್ಲೇ. ಮುದ್ದೆಗೆ ಉಪ್ಪಿಲ್ಲ, ಸಾರಿಗೆ ಉಪ್ಪಿಲ್ಲ, ಹಣ್ಣು ಬೇಡ, ಎಳನೀರು ಬೇಡವೇ ಬೇಡ. ಮೊಳಕಾಲ್ಮುರಿನಿಂದ ಬರುವಾಗ ಬಸ್ಸು ದಾರಿಯ ತಳಕು ಊರಿನಲ್ಲಿ ನಿಂತರೆ ಜನ ಇಳಿದು ಮಜ್ಜಿಗೆ ಕುಡಿಯುತ್ತಾರೆ. ಆಗ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತಿರುತ್ತಾಳೆ ಎಂದು ಭಾವ ಹೇಳಿದರು. ಅವಳೆದುರು ಅವರು ಟೀ ಕುಡಿಯುವುದನ್ನೂ ಬಿಟ್ಟಿದ್ದರು. ನಮ್ಮ ಮನೆಗೆ ಬಂದಾಗ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಒಂದು ಚೊಂಬು ನೀರನ್ನು ಗಟಗಟ ಕುಡಿದು ಬಾಯಿ ಒರೆಸಿಕೊಂಡು ಒಳಗೆ ಬರುತ್ತಿದ್ದರು. ಒಂದು ದಿನ ಅಕ್ಕ ಅದನ್ನು ನೋಡಿದಳು.

"ಕದ್ದು ಕುಡೀಬ್ಯಾಡ್ರಿ," ಎಂದಳು. "ನನ್ ಮುಂದೇನೇ ಕುಡೀರಿ. ಕುಡಿಯೋ ಸದ್ದಾದ್ರೂ ಕೇಳ್ತೀನಿ."

ಭಾವ ಚೊಂಬನ್ನು ಅಲ್ಲೇ ಬಿಟ್ಟು ಅಂಗಡಿಯ ಕಡೆ ಹೋದರು. ಸಂಜೆಯವರೆಗೂ ಒಳಗೆ ಬರಲಿಲ್ಲ.

ಕಿಡ್ನಿ ಬದಲಾಯಿಸುವ ಮಾತೂ ಬಂತು. ಭಾವನ ರಕ್ತದ ಗುಂಪು ಹೊಂದಲಿಲ್ಲ. ನಾನು ಪರೀಕ್ಷೆ ಮಾಡಿಸಿಕೊಂಡೆ, ನನಗೆ ಸಕ್ಕರೆ ಕಾಯಿಲೆ ಇರುವುದು ಆಗಲೇ ಗೊತ್ತಾದದ್ದು. ನಿಮ್ಮದನ್ನು ನೀವೇ ಕಾಪಾಡಿಕೊಳ್ಳಿ ಎಂದು ಕಳಿಸಿದರು. ಉಳಿದವಳು ರಾಂಪುರಕ್ಕೆ ಕೊಟ್ಟಿದ್ದ ಮಗಳು. ಅವಳು ಗಂಡನನ್ನು ಒಪ್ಪಿಸಿಕೊಂಡೇ ಬಂದಿದ್ದಳು. ಅಕ್ಕನ ಮಂಚದ ಪಕ್ಕ ಕೂತು, ತಾನು ಕೊಡುತ್ತೇನೆ, ಡಾಕ್ಟರು ಆಗುತ್ತದೆ ಎಂದಿದ್ದಾರೆ ಎಂದು ಹೇಳಿದಳು. ಅಕ್ಕ ಅವಳ ಕೈಯನ್ನು ತನ್ನ ಕೈಯಿಂದ ಬಿಡಿಸಿದಳು.

"ನಿನ್ ಮಕ್ಳು ಇನ್ನೂ ಸಣ್ಣವು. ಈ ಮಾತು ಇನ್ನೊಂದ್ ಸಲ ಆಡಿದ್ರೆ ನಾನು ಸೂಜಿ ಚುಚ್ಚಿಸ್ಕೊಳ್ಳೋದೂ ಬಿಟ್ ಬಿಡ್ತೀನಿ."

ಮಗಳು ಅತ್ತಳು, ಭಾವ ಕೈಮುಗಿದು ಕೇಳಿದರು, ನಾನೂ ಬೈದೆ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಕೂತಳು. ಅವಳು ಹೆದರಿಸಲು ಹೇಳಿದ ಮಾತಲ್ಲ ಅದು ಎಂದು ನಮಗೆಲ್ಲ ಗೊತ್ತಿತ್ತು. ಸತ್ತವರ ಕಿಡ್ನಿ ಸಿಗುವ ಸರತಿಗೆಂದು ಬೆಂಗಳೂರಿನಲ್ಲಿ ಹೆಸರು ಬರೆಸಿದೆವು. ನಮ್ಮ ಸರತಿ ಬರಲಿಲ್ಲ.

ಎರಡನೆಯ ಬೇಸಿಗೆಗೆ ಹೃದಯ ಸೋತಿತು. ಕೈಯ ರಕ್ತನಾಳ ಮುಚ್ಚಿಕೊಂಡಿತು, ಕುತ್ತಿಗೆಯಲ್ಲಿ ಕೊಳವೆ ಹಾಕಿದರು, ಅಲ್ಲಿ ನಂಜಾಗಿ ಚಳಿಜ್ವರ ಬಂತು. ಡಯಾಲಿಸಿಸ್‌ಗೆ ಕೂರಿಸಿದರೆ ಬಿಪಿ ಕುಸಿಯುತ್ತಿತ್ತು, ನಿಲ್ಲಿಸಿದರೆ ನೀರು ಏರುತ್ತಿತ್ತು. ಹೊಟ್ಟೆ ಊದಿತು, ಮುಖ ಊದಿತು, ಬೆನ್ನಿನ ಮೇಲೂ ಬೆರಳಿಟ್ಟರೆ ಗುಳಿ ಬೀಳುತ್ತಿತ್ತು. ಕಾಲಿನ ಚರ್ಮ ಅಲ್ಲಲ್ಲಿ ಬಿರಿದು ತಿಳಿನೀರು ಜಿನುಗುತ್ತಿತ್ತು. ನಾನು ಹಳೆಯ ಮೆತ್ತನೆ ಪಂಚೆಗಳನ್ನು ಹರಿದು ಸುತ್ತುತ್ತಿದ್ದೆ, ಅವು ಸ್ವಲ್ಪ ಹೊತ್ತಿಗೇ ತೊಯ್ದು ಹೋಗುತ್ತಿದ್ದವು. ಒಂದು ಬೆಳಿಗ್ಗೆ ಪಂಚೆ ಬದಲಾಯಿಸುತ್ತಿರುವಾಗ ಅವಳ ಉಸಿರು ಉದ್ದಕ್ಕೆ ಎಳೆದು ನಿಂತಿತು. ಭಾವ ಆಸ್ಪತ್ರೆಯ ಮುಂದಿನ ಅಂಗಡಿಗೆ ಮಾತ್ರೆ ತರಲು ಹೋಗಿದ್ದರು. ಅವರು ವಾಪಸು ಬರುವಷ್ಟರಲ್ಲಿ ನಾನು ಸುತ್ತುವುದನ್ನು ಮುಗಿಸಿದೆ. ಅರ್ಧಕ್ಕೆ ಬಿಡುವುದು ಸರಿಯೆನಿಸಲಿಲ್ಲ.

ಮೊಳಕಾಲ್ಮುರಿಗೆ ಕರೆದುಕೊಂಡು ಹೋದೆವು. ನಮ್ಮಲ್ಲಿ ಹೂಳುವುದು, ಅದೂ ಕೂರಿಸಿ. ಚಕ್ಕಳಮಕ್ಕಳ ಹಾಕಿಸಿ, ಅಂಗೈಯಲ್ಲಿ ಲಿಂಗ ಇಟ್ಟು ಕೂರಿಸಬೇಕು. ಸ್ನಾನ ಮಾಡಿಸಿ ವಿಭೂತಿ ಹಚ್ಚಿದ ಮೇಲೆ ಹೆಂಗಸರು ಕಾಲು ಮಡಿಸಲು ಹೋದರು. ಮಡಿಯಲಿಲ್ಲ. ಮಂಡಿಯ ಸುತ್ತ ಅಷ್ಟು ನೀರು ತುಂಬಿತ್ತು. ಬಿಗಿಯಾಗಿ ಹಿಡಿದರೆ ಚರ್ಮ ಜಾರುತ್ತಿತ್ತು. ಯಾರೋ ಇನ್ನೊಂದು ಸಲ ಒತ್ತಿ ಎಂದರು. ಭಾವ ಅಲ್ಲಿಯವರೆಗೂ ಕಂಬಕ್ಕೆ ಒರಗಿ ನಿಂತಿದ್ದವರು ಮುಂದೆ ಬಂದರು.

"ಸಾಕು ಬಿಡ್ರಿ," ಎಂದರು. "ಮಂಡಿ ನೋವೈತೆ ಅವಳಿಗೆ."

ಅಯ್ಯನವರು ಬಂದು ನೋಡಿ, ಹಾಗೇ ಇರಲಿ, ಕಾಲು ಚಾಚಿದ್ದರೂ ನಡೆಯುತ್ತದೆ ಎಂದರು. ಸಿದ್ದಾಪುರದ ದಿಕ್ಕಿಗೆ ಅವರ ಹೊಲದ ಅಂಚಿನಲ್ಲಿ, ಬಂಡೆಗಳ ಮಗ್ಗುಲಿಗೆ ಗುಣಿ ತೋಡಿದ್ದರು. ಅಲ್ಲಿ ಕಲ್ಲು ಜಾಸ್ತಿ, ಗುಣಿಯನ್ನು ಮತ್ತೆ ಅಗಲ ಮಾಡುವ ಹೊತ್ತಿಗೆ ಮಧ್ಯಾಹ್ನ ತಿರುಗಿತು. ಬಿಸಿಲಿಗೆ ನಿಂತವರೆಲ್ಲ ಒಬ್ಬೊಬ್ಬರಾಗಿ ಬೇವಿನ ಮರದ ನೆರಳಿಗೆ ಸರಿದರು. ಕಾಲು ಮುಂದಕ್ಕೆ ಚಾಚಿ ಗುಣಿಯ ಗೋಡೆಗೆ ಒರಗಿದ ಹಾಗೆಯೇ ಅಕ್ಕನನ್ನು ಕೂರಿಸಿದರು. ಪತ್ರೆ, ವಿಭೂತಿ, ಉಪ್ಪು ಹಾಕಿ ಮಣ್ಣು ಎಳೆದರು.

ಕಾರ್ಯ ಮುಗಿದ ಮಾರನೆಯ ದಿನ ನಾನು ಊರಿಗೆ ಹೊರಟಿದ್ದೆ. ಅಕ್ಕನ ಮಗಳು ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಬಂದಳು. ಬಸ್ಸು ಇನ್ನೂ ಬಂದಿರಲಿಲ್ಲ. ಅವಳು ಕೇಳಿದಳು.

"ಚಿಕ್ಕವ್ವ, ಹೋಗು ಅಂತ ನಾನೇ ಬಲವಂತ ಮಾಡಿದ್ದೆ. ಆ ಹಡಗಿನಾಗೆ ಅವ್ವ ಒಂದ್ ದಿನನಾದ್ರೂ ಖುಷಿಯಾಗಿದ್ಲಾ?"

ಇದ್ದಳು ಎಂದೆ. ಹತ್ತಿದ ಮೊದಲ ಸಂಜೆ, ಹಡಗು ಇನ್ನೂ ಹೊರಟಿರಲಿಲ್ಲ. ಮೇಲಿನ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಅಕ್ಕ ಒಂದರ ಮೇಲೆ ಕೂತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಎರಡೂ ಕಾಲನ್ನು ಎದುರಿನ ಕುರ್ಚಿಯ ಮೇಲೆ ಇಟ್ಟಳು. ಭಾವ ಐಸ್‌ಕ್ರೀಂ ತಂದುಕೊಟ್ಟರು. ಅದನ್ನು ತಿಂದು ಇನ್ನೊಂದು ತರಲು ಕಳಿಸಿದಳು. ಹಡಗು ಅಲುಗಿದ್ದೇ ತಡ ನನ್ನ ಕೈ ಹಿಡಿದುಕೊಂಡು, ಭೂಮಿ ಹಿಂದಕ್ಕೆ ಹೋಗ್ತಾ ಐತೆ ನೋಡೇ ಎಂದಳು. ಕತ್ತಲಾಗುವವರೆಗೂ ಅಲ್ಲಿಂದ ಏಳಲೇ ಇಲ್ಲ.

ಇಷ್ಟನ್ನು ಮಗಳಿಗೆ ಹೇಳಿದೆ. ಅವಳು ಎರಡು ಐಸ್‌ಕ್ರೀಮಾ ಎಂದು ಕೇಳಿದಳು. ಹೌದು ಎಂದೆ. ಅಷ್ಟರಲ್ಲಿ ಚಳ್ಳಕೆರೆ ಬಸ್ಸು ಬಂತು. ಸೀಟು ಹಿಡಿಯಲು ಜನ ನುಗ್ಗಿದರು. ಅವಳು ನನ್ನ ಚೀಲವನ್ನು ಕಿಟಕಿಯಿಂದ ಒಳಗೆ ಹಾಕಿದಳು.